ಬೀದರಿನಲ್ಲಿ ಹಾಯಿ ಬಿಚ್ಚಿದ ಕಾಕಾ

ನಾನು ನಿಂತದ್ದು ಬೀದರಿನಿಂದ ಬಗದಲ್‌ಗೆ ಹೋಗುವ ರಸ್ತೆಯ ಎಡಗಡೆ, ಕೆಂಪು ಕಲ್ಲಿನ ಬಯಲಿನಲ್ಲಿ, ಒಂದು ಬೇವಿನ ಗಿಡದ ಕೆಳಗೆ. ಆಷಾಢದ ಮಧ್ಯಾಹ್ನ. ಊಟದ ಹೊತ್ತು ಆಗಷ್ಟೇ ಮೀರಿತ್ತು. ಮೋಡವಿತ್ತು, ಬಿಸಿಲು ಕಣ್ಣಿಗೆ ಹೊಡೆದು ಏನೋ ಕಂಡಿರಬೇಕು ಎನ್ನುವವರ ಮಾತಿಗೆ ಅರ್ಥವಿಲ್ಲ. ಅಲ್ಲಿ, ಆ ಹೊತ್ತಿನಲ್ಲಿ, ನನ್ನ ಕಾಕಾ ಹಾಯಿ ಬಿಚ್ಚಿ ಹಡಗು ನಡೆಸಿದರು. ಕಣ್ಣಾರೆ ಕಂಡಿದ್ದೇನೆ.

ನಗಬೇಡಿ! ಬೀದರಿನಲ್ಲಿ ಸಮುದ್ರ ಎಲ್ಲಿಂದ ಬಂತು ಎನ್ನುತ್ತೀರಿ. ಬಂದಿಲ್ಲ. ಸಮುದ್ರದಿಂದ ನಮ್ಮೂರಿಗೆ ಬರುವುದು ಉಪ್ಪು ಒಂದೇ. ನಮ್ಮೂರ ಹೋಟೆಲಿನಲ್ಲಿ ಹಡಗಿಗೆ ‘ಜಹಾಜ್’ ಎಂದು ಹೇಳಿ ನೋಡಿ, ಕುಳಿತವರೆಲ್ಲ ಕತ್ತೆತ್ತಿ ಆಕಾಶ ನೋಡುತ್ತಾರೆ. ನಮಗೆ ಗೊತ್ತಿರುವ ಜಹಾಜು ದಿನವೂ ತಲೆಯ ಮೇಲೆ ಗುಡುಗಿಕೊಂಡು ಹಾರುವ ವಾಯುಪಡೆಯ ವಿಮಾನವೊಂದೇ.

ಕಾಕಾ ಶಾಮಿಯಾನ ಹೊಲಿದು ಬಾಡಿಗೆಗೆ ಹಾಕುತ್ತಿದ್ದರು. ಅವರ ಪಾಲುದಾರರು ಮಹಬೂಬ್ ಭಾಯ್. ಇಬ್ಬರಿಗೂ ಒಬ್ಬನೇ ವೈರಿ: ಗಾಳಿ. ಒಮ್ಮೆ ಭಾಲ್ಕಿಯ ಮದುವೆಯೊಂದರಲ್ಲಿ ಶಾಮಿಯಾನ ಗೂಟ ಕಿತ್ತುಕೊಂಡು ಎದ್ದಿತು. ಹಗ್ಗ ಹಿಡಿದಿದ್ದ ಕಾಕಾ ಅದರ ಸಂಗಡವೇ ಎದ್ದು ಪಕ್ಕದ ಕಡಲೆ ಹೊಲದಲ್ಲಿ ಬಿದ್ದರು.

“ಪೆಟ್ಟಾತೇನ್ರಿ?” ಎಂದು ಬೀಗರು ಓಡಿ ಬಂದರು.

“ಪೆಟ್ಟಿನ ಮಾತು ಬಿಡ್ರಿ,” ಎಂದರು ಕಾಕಾ, ಮಲಗಿಕೊಂಡೇ. “ಇಷ್ಟು ದಿನ ಇದರ ಜೋಡಿ ಜಗಳಾನೇ ಮಾಡಿದೆ. ಇದು ಕರಕೊಂಡು ಹೋಗತದಂತ ಗೊತ್ತೇ ಇರಲಿಲ್ಲ ನೋಡ್ರಿ!”

ಆ ತಲೆಗೆ ಹುಚ್ಚು ಹತ್ತಲು ಒಂದು ಫೋನು ಸಾಕಾಯಿತು. ಬೀದರಿನಲ್ಲಿ ನೌಕರಿ ಮುಗಿಸಿ ಕಾರವಾರದಲ್ಲಿ ನೆಲೆಸಿದ್ದ ಒಬ್ಬ ಸಾಹೇಬರು ಹಾಯಿದೋಣಿ ಕೊಂಡಿದ್ದರು. ಅವರ ಮಗಳ ಮದುವೆಗೆ ಶಾಮಿಯಾನ ಹಾಕಿದ್ದು ಕಾಕಾನೇ. ಮಳೆಗಾಲ ಮುಗಿದ ಮೇಲೆ ದಂಡೆಗುಂಟ ಕೊಚ್ಚಿಯ ತನಕ ಹೋಗುವವರಿದ್ದೇವೆ, ಹಾಯಿ ಹರಿದರೆ ಹೊಲಿಯಲು ಒಬ್ಬರು ಬೇಕು, ಬರುತ್ತೀರಾ ಎಂದು ಕೇಳಿದರು. ಈಜು ಬರುತ್ತದೆಯೇ ಎಂದು ಸಾಹೇಬರು ಕೇಳಲಿಲ್ಲ. ಬರುವುದಿಲ್ಲ ಎಂದು ಕಾಕಾ ಹೇಳಲಿಲ್ಲ.

ಊಟಕ್ಕೆ ಕುಳಿತಾಗ ಕಾಕಾ ಮೆಲ್ಲಗೆ ಹೇಳಿದರು: “ದೀಪಾವಳಿ ಆದ ಮ್ಯಾಲ ನಾ ದರ್ಯಾಕ್ಕ ಹೋಗ್ತೇನಿ.”

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಕಾನ ಹೆಂಡತಿ, ನಮ್ಮ ಕಾಕು, ಔರಾದ ತಾಲ್ಲೂಕಿನ ಡಾಬಕಾದವರು. ಮಹಾರಾಷ್ಟ್ರಕ್ಕೆ ಕೂಗಿದರೆ ಕೇಳಿಸುವ ಊರು. ಅವರ ತವರಿನ ಮರಾಠಿಯಲ್ಲಿ ದರ್ಯಾ ಎಂದರೆ ಸಮುದ್ರ. ಸೌಟು ಕೆಳಗಿಟ್ಟವರು ಆ ದಿನದಿಂದ ಊಟವನ್ನೂ ಬಿಟ್ಟರು. ಮಹಬೂಬ್ ಭಾಯ್ ಮನೆಯ ಮಾತಿನಲ್ಲಿ ದರ್ಯಾ ಎಂದರೆ ಹೊಳೆ. ಅವರು ಸಮಾಧಾನ ಹೇಳಲು ಬಂದರು.

“ಭಾಭೀ, ಫಿಕರ್ ಯಾಕ ಮಾಡ್ತೀರಿ? ದರ್ಯಾದಾಗ ನೀರರ ಎಷ್ಟು ಇರ್ತದ್ರಿ? ಮೊಣಕಾಲಮಟ. ಎಮ್ಮಿ ದಾಟ್ತಾವ!”

“ದರ್ಯಾ ಎಮ್ಮಿ ದಾಟ್ತಾವ?”

“ದಿನಾ ದಾಟ್ತಾವ್ರಿ. ಸಂಜಿಗಿ ತಿರುಗಿ ಮನಿಗಿ ಬರ್ತಾವ.”

ಕಾಕು ಅಂದು ಎರಡು ರೊಟ್ಟಿ ತಿಂದರು. ಮರುದಿನ ಕಾಕಾಗೆ ಮನಸ್ಸು ತಡೆಯಲಿಲ್ಲ. “ಮಾಂಜ್ರಾ ಹೊಳಿ ಅಲ್ಲೋ ಭಾಯ್! ಸಮುಂದರ್! ಕಾರವಾರದಿಂದ ಕೊಚ್ಚಿತನಕ!” ಎಂದು ನಿಜ ಹೇಳಿಬಿಟ್ಟರು. ಊಟ ಬಿಟ್ಟವರು ಇಬ್ಬರಾದರು.

ಕಾಕಾ ಮಾತ್ರ ತಯಾರಿಗೆ ಇಳಿದಿದ್ದರು. ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆಂದು ಯಾರೋ ಹೇಳಿದ್ದರಿಂದ, ವಾರಕ್ಕೊಮ್ಮೆ ಔರಾದ ಬಸ್ಸಿನ ಕೊನೆಯ ಸೀಟು ಹಿಡಿದು ಕೂರತೊಡಗಿದರು. ಸಾಕ್ಷಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

“ಔರಾದದಾಗ ಏನು ಕೆಲಸ ಕಾಕಾ?” ಎಂದ ಕಂಡಕ್ಟರ್.

“ಏನಿಲ್ಲ. ವಾಂತಿ ಬರ್ತದೇನು ನೋಡಬೇಕು.”

“ಬಂದರ?”

“ಬಂದರ ಮುಂದಿನ ವಾರ ಮತ್ತ ಬರ್ತೇನಿ.”

“ಬರದಿದ್ದರ?”

“ಆಗೂ ಬರ್ತೇನಿ. ಖಾತ್ರಿ ಆಗಬೇಕಲ್ಲ!”

ಅವರಿಗೆ ವಾಂತಿ ಬರಲಿಲ್ಲ. ನನಗೆ ಬಂತು. ಇದನ್ನೂ ಸಾಕ್ಷಿಯಾಗಿ ದಾಖಲಿಸುತ್ತಿದ್ದೇನೆ.

ಇಷ್ಟೆಲ್ಲ ಆದರೂ ಹೋಗುವುದು ಗಟ್ಟಿಯಾಗಿರಲಿಲ್ಲ. ಅಡ್ಡ ಇದ್ದದ್ದು ಎರಡು ಮಾತು. ಕಾಕಾ ಪಕ್ಕದ ಓಣಿಗೆ ಗೂಟ ಹೊಡೆಯಲು ಹೊರಟರೂ ಹೊಸ್ತಿಲಲ್ಲಿ ನಿಂತು “ಬರ್ತೇನಿ” ಎನ್ನಬೇಕು. ಒಳಗಿನಿಂದ ಕಾಕು “ಹೋಗಿ ಬರ್ರಿ” ಎನ್ನಬೇಕು. ಅನ್ನದಿದ್ದರೆ ಕಾಕಾ ಹೊಸ್ತಿಲು ದಾಟರು. ಒಮ್ಮೆ ಉಪ್ಪಿಟ್ಟು ಉಪ್ಪಾಗಿದೆ ಎಂದ ತಪ್ಪಿಗೆ ಕಾಕು ಬಾಯಿ ಬಿಡಲಿಲ್ಲ. ಆ ದಿನ ಬಗದಲ್‌ನಲ್ಲಿ ಒಂದು ಮದುವೆ ಬಿಸಿಲಿನಲ್ಲೇ ನಡೆಯಿತು!

“ಇದೊಂದು ಸಲ ಅಂದುಬಿಡ್ರಿ ಕಾಕು,” ಎಂದು ನಾನು ಕೇಳಿದೆ.

ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ನಿಲ್ಲಿಸಿದರು. “ಭಾಲ್ಕಿಗಿ ಹೋಗ್ತಾರಂದ್ರ ನನಗ ಭಾಲ್ಕಿ ಗೊತ್ತದ. ಯಾವ ಗಿಡದ ಕೆಳಗ ಕುಂತು ಬುತ್ತಿ ಬಿಚ್ತಾರ, ಅದೂ ಗೊತ್ತದ. ಹೋಗಿ ಬರ್ರಿ ಅಂತೇನಿ, ಮನಸ್ಸಿನಾಗ ಅವರ ಬೆನ್ನ ಹಿಂದ ಹೋಗಿ ಬರ್ತೇನಿ. ಆ ನೀರಿನಾಗ ನಾ ಎಲ್ಲಿತನಕ ಹೋಗಲೋ? ಕಾಣದಲ್ಲಿಗಿ ಹೋದವರಿಗಿ ಹ್ಯಾಂಗ ಬರ್ರಿ ಅನ್ನಲಿ?”



ಕಾಕಾಗೆ ಈ ಮಾತು ಮುಟ್ಟಿಸಿದೆ. ಅವರು ಮರುದಿನ ತರಕಾರಿ ಮಾರುವ ತಳ್ಳುಬಂಡಿಯೊಂದನ್ನು ಬಾಡಿಗೆಗೆ ತಂದರು. ಅದರ ನಡುವೆ ಶಾಮಿಯಾನದ ಬಿದಿರು ನೆಟ್ಟು, ಕೆಂಪು, ಹಳದಿ, ನೀಲಿ ಪಟ್ಟೆಯ ಹಳೆಯ ಬಟ್ಟೆ ಕಟ್ಟಿದರು. ಅದನ್ನು ಬಯಲಿಗೆ ತಳ್ಳಿಸಿ, ಕಾಕುವನ್ನು ಕರೆತರಲು ನನ್ನನ್ನು ಆಟೋದಲ್ಲಿ ಕಳಿಸಿದರು.

ಕಾಕು ಬಂಡಿಯ ಸುತ್ತ ಒಂದು ಸುತ್ತು ಬಂದರು. “ಇದರಾಗ ಎಲ್ಲಿ ಕೂಡ್ತೀರಿ?”

“ಇಲ್ಲಿ.”

“ತಿರುಗಿಸೋದು ಹ್ಯಾಂಗ?”

“ದೋಣಿ ತಿರುಗತದ. ಇದು ತಿರುಗೋದಿಲ್ಲ.”

“ಸರೀರಿ ಆಕಡಿ,” ಎಂದರು ಕಾಕು. “ನಾ ಕುಂತು ನೋಡ್ತೇನಿ.”

ಮಹಬೂಬ್ ಭಾಯ್ “ಯಾ ಅಲ್ಲಾ!” ಎಂದರು. ಆಡು ಮೇಯಿಸುತ್ತಿದ್ದ ಶಾಂತಮ್ಮ ಕೋಲೂರಿ ನಿಂತಳು. ನಾನು ಬೇವಿನ ಗಿಡದ ಕೆಳಗೆ ಸರಿದೆ. ಕಾಕು ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕುಳಿತರು. ಕಾಕಾ ಪಕ್ಕದಲ್ಲಿ ಕುಳಿತು ಹಗ್ಗ ಎಳೆದರು.

ಮೊದಲು ಏನೂ ಆಗಲಿಲ್ಲ. ಬಟ್ಟೆ ಒಮ್ಮೆ ಫಟ್ ಎಂದಿತು. ಆಮೇಲೆ ತುಂಬಿತು, ತುಂಬಿದ ಜೋಳದ ಚೀಲ ಬಿಗಿಯುವಂತೆ ಬಿಗಿಯಿತು. ಬಂಡಿ ಹೊರಟಿತು. ಯಾರೂ ತಳ್ಳಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಆಡುಗಳು ಎರಡು ಪಾಲಾದವು. ಮಹಬೂಬ್ ಭಾಯ್ ಟೋಪಿ ಕೈಯಲ್ಲಿ ಹಿಡಿದು “ಭಾಭೀ, ಗಟ್ಟಿ ಹಿಡೀರಿ! ಗಟ್ಟಿ!” ಎಂದು ಹಿಂದೆ ಓಡಿದರು. ಬಂಡಿ ನನ್ನ ಮುಂದೆಯೇ ಹಾದುಹೋಯಿತು. ಕಾಕುವಿನ ತಲೆಯ ಮೇಲಿನ ಸೆರಗು ಹಾರಿತ್ತು. ಅವರ ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅವರು ದನಿ ತೆಗೆದು ನಗುತ್ತಿದ್ದರು.

ಬಂಡಿ ಹೊಲದ ಒಡ್ಡಿಗೆ ತಗುಲಿ ನಿಂತಿತು. ಏನಾಯಿತೋ ಎಂದು ಓಡಿದೆ. ಇಬ್ಬರೂ ಇಳಿದು ನಿಂತಿದ್ದರು. ಕಾಕು ಗಂಡನ ಅಂಗಿಯ ಕಾಲರ್ ಸರಿಮಾಡುತ್ತಿದ್ದರು. ಅವರು ಹಾಗೆ ನಾಲ್ಕು ಮಂದಿಯೆದುರು ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಹೋಗ್ರಿ,” ಎಂದರು.

ಕಾಕಾ ಕದಲಲಿಲ್ಲ. “ಅರ್ಧಾ ಆತು.”

“ಏನು ಅರ್ಧಾ?”

“ಇನ್ನೊಂದು ಮಾತು ಅದ.”

ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ಗಾಳಿ ಜೋರಾಗಿತ್ತು, ಆದರೂ ನನಗೆ ಕೇಳಿಸಿತು. “ಬರ್ರಿ.”

ಆಗ ಅತ್ತವರು ಕಾಕಾ.

ಅವರು ದೀಪಾವಳಿ ಮುಗಿಸಿ ಹೋದರು, ಕೊಚ್ಚಿಯ ತನಕ ಹೋದರು, ರೊಟ್ಟಿ ಸುಡುವ ಹಂಚಿನಷ್ಟು ಕಪ್ಪಾಗಿ ತಿರುಗಿ ಬಂದರು. ಹಲವು ವರ್ಷ ಅದರ ಕಥೆ ಹೇಳಿದರು. ಹೋದ ವರ್ಷ ನಿದ್ದೆಯಲ್ಲೇ ಹೋದರು. ಆ ಸಲ ಯಾರನ್ನೂ ಕೇಳಲಿಲ್ಲ.

ಬಯಲಿನಲ್ಲಿ ಇದನ್ನು ಕಂಡವರಲ್ಲಿ ಶಾಂತಮ್ಮ ಈಗಿಲ್ಲ. ಮಹಬೂಬ್ ಭಾಯ್ ಇದ್ದಾರೆ, ಹಳೇ ಊರಿನಲ್ಲಿ. ಕಿವಿ ಮಂದ, ಗಟ್ಟಿಯಾಗಿ ಕೇಳಬೇಕು. ನಾನಿದ್ದೇನೆ. ಭಾಲ್ಕಿಯಲ್ಲಿ ಮಗಳ ಮನೆಯಲ್ಲಿ ಕಾಕು ಇದ್ದಾರೆ. ಅವರನ್ನು ಕೇಳಿದರೆ ತಾನೇನೂ ಕಂಡಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ ಎನ್ನುತ್ತಾರೆ.