ಕೂತಲ್ಲೇ ಕಸರತ್ತು ಮಾಡಿಸುವ ರಬ್ಬರ್ ಪಟ್ಟಿಯ ತಯಾರಕರಿಗೆ

ಮಾನ್ಯರೇ,

ಮೊಟ್ಟಮೊದಲಿಗೆ ತಮಗೂ, ತಮ್ಮ ಕಾರ್ಖಾನೆಯ ಸಮಸ್ತ ಸಿಬ್ಬಂದಿಗೂ, ತಮ್ಮ ಕರಪತ್ರದ ಮೇಲೆ ಕುರ್ಚಿಯಲ್ಲಿ ಕೂತು ಎರಡು ಕೈಯಲ್ಲೂ ಪಟ್ಟಿ ಎಳೆಯುತ್ತ ಹಲ್ಲು ಕಿರಿಯುತ್ತಿರುವ ಆ ಕಟ್ಟುಮಸ್ತಾದ ತರುಣನಿಗೂ ನನ್ನ ಅನಂತ ನಮಸ್ಕಾರಗಳು. ದೊಡ್ಡವರಿಗೆ ಎದ್ದು ನಿಂತು ನಮಸ್ಕರಿಸಬೇಕೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಮ್ಮ ಪಟ್ಟಿ ನಮ್ಮ ಕಚೇರಿಗೆ ದಯಮಾಡಿಸಿದ ಮೇಲೆ ಏಳುವ ಅಗತ್ಯವೇ ಇಲ್ಲವೆಂದು ತೀರ್ಮಾನವಾಗಿದ್ದ ಕಾರಣ ಆ ಅಭ್ಯಾಸ ಸ್ವಲ್ಪ ತಪ್ಪಿಹೋಗಿದೆ. ಕುಳಿತೇ ಕೈಮುಗಿಯುತ್ತಿದ್ದೇನೆ, ಮನ್ನಿಸಬೇಕು.

ನಾನು ಲಿಫ್ಟು ತಯಾರಿಸುವ ಒಂದು ಕಂಪನಿಯ ಸಹಾಯವಾಣಿಯಲ್ಲಿ ಕೆಲಸ ಮಾಡುವವನು. ಎರಡು ಮಹಡಿಗಳ ನಡುವೆ ಲಿಫ್ಟು ನಿಂತುಹೋದಾಗ ಒಳಗಿದ್ದವರು ಕೆಂಪು ಗುಂಡಿ ಒತ್ತುತ್ತಾರಲ್ಲ, ಆಗ ಗೋಡೆಯೊಳಗಿಂದ "ಗಾಬರಿಯಾಗಬೇಡಿ, ನಾವಿದ್ದೇವೆ" ಎಂದು ಕೇಳುವ ಧ್ವನಿ ನನ್ನದು, ಇಲ್ಲವೇ ನನ್ನ ಸಾಲಿನಲ್ಲಿ ಕೂತಿರುವ ಇನ್ನೊಬ್ಬರದು. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವ ತನಕ ಅವರ ಜೊತೆ ಮಾತಾಡುತ್ತ ಧೈರ್ಯ ತುಂಬುವುದೇ ನಮ್ಮ ಉದ್ಯೋಗ. ಇಕ್ಕಟ್ಟಿನಲ್ಲಿ ಸಿಕ್ಕಿದವರನ್ನು ಬಿಡಿಸಲೆಂದು ನಾವು, ಮೂರು ಕಡೆ ಬಟ್ಟೆ ಹೊದಿಸಿದ ಹಲಗೆಯ ಮರೆಯಲ್ಲಿ, ಲಿಫ್ಟಿಗಿಂತ ತುಸು ಕಿರಿದಾದ ಜಾಗದಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಇಡೀ ದಿನ ಕೂರುತ್ತೇವೆ. ಅವರಿಗೂ ನಮಗೂ ಇರುವ ವ್ಯತ್ಯಾಸವೆಂದರೆ ಅವರನ್ನು ಯಾರಾದರೂ ಬಂದು ಬಿಡಿಸುತ್ತಾರೆ.

ಇಂಥ ಕೆಲಸದಲ್ಲಿ ನಮಗೆ ಒಂದೇ ಒಂದು ಐಶ್ವರ್ಯವಿತ್ತು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಹೆಡ್‌ಫೋನು ಕಳಚಿಟ್ಟು ಉದ್ದನೆಯ ಮೊಗಸಾಲೆಯಲ್ಲಿ ಕೊನೆಯ ಕಿಟಕಿಯವರೆಗೆ ಹೋಗಿಬರಬಹುದಾಗಿತ್ತು. ಆ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ತಾರಸಿ, ಅಲ್ಲಿ ಯಾರೋ ಒಣಹಾಕಿದ ಕಂಬಳಿ, ಅದರ ಮೇಲೆ ಕೂತು ಜಗಳವಾಡುವ ಪಾರಿವಾಳಗಳು, ಅಷ್ಟೇ. ಆದರೂ ಅದನ್ನು ನೋಡಿ ಬಂದವರು ಮುಂದಿನ ಫೋನನ್ನು ಮನುಷ್ಯರಂತೆ ಎತ್ತುತ್ತಿದ್ದರು.

ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ದೊಡ್ಡಕ್ಕ ಎನ್ನುತ್ತೇವೆ. ಬಹಳ ಹೊತ್ತು ಕೂತರೆ ಅವರ ಕಾಲು ಊದಿಕೊಳ್ಳುತ್ತದೆ. ಡಾಕ್ಟರು ಮಾತ್ರೆಯ ಚೀಟಿ ಬರೆದು, ಅದನ್ನು ಕೈಗೆ ಕೊಡುವಾಗ "ಇದಕ್ಕಿಂತ ನಡಿಗೆ ಮುಖ್ಯ ಕಣಮ್ಮ, ಅದನ್ನ ಮಾತ್ರ ತಪ್ಪಿಸಬೇಡಿ" ಎಂದಿದ್ದರಂತೆ. ದೊಡ್ಡಕ್ಕ ತಪ್ಪಿಸುತ್ತಲೂ ಇರಲಿಲ್ಲ. ಅವರ ಚಪ್ಪಲಿಯ ಸದ್ದು ಮೊಗಸಾಲೆಯಲ್ಲಿ ದೂರವಾಗಿ, ಕಿಟಕಿಯ ಹತ್ತಿರ ಒಂದು ಕ್ಷಣ ನಿಂತು, ಮತ್ತೆ ಹತ್ತಿರವಾಗುವುದನ್ನು ಕೇಳಿ ನಾವು ಗಡಿಯಾರ ನೋಡದೆಯೇ ಹೊತ್ತು ಹೇಳುತ್ತಿದ್ದೆವು.

ಹೀಗಿರುವಾಗ ನಮ್ಮ ಮ್ಯಾನೇಜರ್ ಸಾಹೇಬರು ನೌಕರರ ಆರೋಗ್ಯದ ಬಗ್ಗೆ ಎಲ್ಲೋ ನಡೆದ ಸಭೆಗೆ ಹೋಗಿ, ತಮ್ಮ ಪಟ್ಟಿಗಳು ತುಂಬಿದ ರಟ್ಟಿನ ಡಬ್ಬದೊಡನೆ ಹಿಂದಿರುಗಿದರು. ಸಾಹೇಬರು ಕೆಟ್ಟವರೆಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಒಬ್ಬೊಬ್ಬರ ಹತ್ತಿರವೂ ಬಂದು, ಅಂಗೈಯಗಲದ ಚೀಲ ಕೈಗಿಟ್ಟು, "ಇನ್ಮೇಲೆ ನೀವು ಆರೋಗ್ಯ ಹುಡ್ಕೊಂಡು ಹೋಗೋದು ಬೇಡ, ಅದೇ ನಿಮ್ಮ ಕುರ್ಚಿಗೆ ಬರತ್ತೆ" ಎಂದು ಮನಸಾರೆ ಹೇಳಿದರು. ಮಾರನೆಯ ಬೆಳಿಗ್ಗೆ ಸೂಚನಾಫಲಕದಲ್ಲಿ ಕಂಡಿತು: ಆರೋಗ್ಯವು ಕುರ್ಚಿಗೇ ಬಂದಿರುವುದರಿಂದ ಹತ್ತು ನಿಮಿಷದ ವಿರಾಮವನ್ನು ರದ್ದುಪಡಿಸಲಾಗಿದೆ, ಪಾಳಿಯ ಹೊತ್ತಿನಲ್ಲಿ ಮ್ಯಾನೇಜರರ ಅಪ್ಪಣೆ ಇಲ್ಲದೆ ಯಾರೂ ಸ್ಥಾನ ಬಿಟ್ಟು ಏಳತಕ್ಕದ್ದಲ್ಲ.

ತಮ್ಮ ಪಟ್ಟಿಯ ಗುಣಗಾನಕ್ಕೆ ನನ್ನ ಭಾಷೆ ಸಾಲದು. ಕುರ್ಚಿಯ ಅಡಿಯಿಂದ ಹಾಯಿಸಿ, ಪಾದಕ್ಕೊಂದು ಕುಣಿಕೆ, ಕೈಗೊಂದು ಹಿಡಿಕೆ ಸಿಕ್ಕಿಸಿಕೊಂಡು ಎಳೆಯಬೇಕೆಂದು ತಾವು ಚಿತ್ರಸಮೇತ ವಿವರಿಸಿದ್ದೀರಿ. ತಮ್ಮ ತರುಣನ ಕುರ್ಚಿಗೆ ನಾಲ್ಕು ಕಾಲುಗಳಿವೆ. ನಮ್ಮ ಕುರ್ಚಿಗಳಿಗೆ ಚಕ್ರಗಳಿವೆ. ಹೀಗಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಾವು ಪಟ್ಟಿಯನ್ನು ಮೇಲಕ್ಕೆಳೆದರೆ ಕುರ್ಚಿ ನಮ್ಮನ್ನು ಹಿಂದಕ್ಕೆಳೆಯುತ್ತಿತ್ತು. ನಮ್ಮಲ್ಲಿ ಮೆಲುದನಿಯ ಒಬ್ಬ ಸಹೋದ್ಯೋಗಿ ಇದ್ದಾನೆ, ಪಿಸುಮಾತು ಎಂದೇ ಅವನ ಅಡ್ಡಹೆಸರು. ಮೂರು ವರ್ಷದಿಂದ ಪಕ್ಕದವರಿಗೂ ಅವನ ಧ್ವನಿ ಕೇಳಿಸಿರಲಿಲ್ಲ. ತಮ್ಮ ಪಟ್ಟಿ ಎಳೆದ ಮೊದಲ ದಿನವೇ ಅವನು ಕುರ್ಚಿಸಮೇತ ತೇಲಿ ಬಂದು ನನ್ನ ಮೇಜಿಗೆ ಬಡಿದು ನಿಂತು, ಇಡೀ ಸಾಲಿಗೆ ಕೇಳುವಂತೆ ಅಮ್ಮಾ ಎಂದ. ಸಂಕೋಚದ ಸ್ವಭಾವವನ್ನೂ ತಮ್ಮ ಪಟ್ಟಿ ಗುಣಪಡಿಸುತ್ತದೆಂದು ಮುಂದಿನ ಕರಪತ್ರದಲ್ಲಿ ಧಾರಾಳವಾಗಿ ಹಾಕಿಕೊಳ್ಳಬಹುದು.

ಮನೆಯಲ್ಲೂ ಅಭ್ಯಾಸ ಮಾಡೋಣವೆಂದು ಒಯ್ದಿದ್ದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಕೂತ್ಕೊಂಡೇ ಇಷ್ಟು ಒದ್ದಾಡೋ ಬದ್ಲು ಎದ್ದು ಆ ನೆಲ ಒರೆಸಿದ್ರೆ ಮೈಯೂ ಬಗ್ಗತ್ತೆ, ಮನೆಯೂ ಚೊಕ್ಕ ಆಗತ್ತೆ" ಎಂದಳು. ವಿಜ್ಞಾನದ ಬೆಳವಣಿಗೆಗೆ ಮನೆಯವರ ಪ್ರೋತ್ಸಾಹವಿಲ್ಲದಿರುವುದು ಹೊಸದೇನಲ್ಲವಾದ್ದರಿಂದ ನಾನು ಎದ್ದು ನೆಲ ಒರೆಸಿದೆ.

ನಮ್ಮ ಗ್ರಾಹಕರ ವಿಷಯಕ್ಕೆ ಬರುತ್ತೇನೆ. ಒಂದು ದಿನ ನಾನು ಪಟ್ಟಿ ಎಳೆಯುತ್ತಿದ್ದಾಗಲೇ ಫೋನಿನ ಗಂಟೆ ಬಡಿಯಿತು. ತರಕಾರಿ ಚೀಲದೊಡನೆ ಮನೆಗೆ ಹೊರಟಿದ್ದ ಒಬ್ಬ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ನಾನು ಏದುಸಿರು ಬಿಡುತ್ತಲೇ ಗಾಬರಿಯಾಗಬೇಡಿ ಎಂದೆ. ಆ ಕಡೆಯಿಂದ ಅಜ್ಜಿ ತುಂಬ ಮೃದುವಾಗಿ, "ಯಾಕೆ ಮಗಾ, ಉಸಿರು ಕಟ್ತಾ ಇದ್ಯಾ? ನೀನೂ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಿದ್ದೀಯಾ?" ಎಂದು ಕೇಳಿದರು. ಇಲ್ಲವೆಂದು ಹೇಳಲು ನನಗೆ ಉಸಿರಿರಲಿಲ್ಲ. "ಹೆದರ್ಬೇಡ. ನಿಧಾನಕ್ಕೆ ಉಸಿರು ಎಳ್ಕೋ. ಬಾಗಿಲಿಗೆ ಮಾತ್ರ ಕೈ ಹಾಕ್ಬೇಡ, ಯಾರಾದ್ರೂ ಬಂದೇ ಬರ್ತಾರೆ" ಎಂದು, ಮೆಕ್ಯಾನಿಕ್ ಬರುವವರೆಗೂ ಅವರೇ ನನಗೆ ಧೈರ್ಯ ಹೇಳಿದರು. ಬಿಡುಗಡೆಯಾಗಿ ಮನೆ ಸೇರಿದವರು ಸುಮ್ಮನಿರದೆ ಸಹಾಯವಾಣಿಗೆ ಮತ್ತೆ ಫೋನು ಮಾಡಿ, ಒಳಗೆ ಸಿಕ್ಕಿಕೊಂಡಿದ್ದ ಆ ಹುಡುಗನನ್ನು ಹೊರಗೆ ತೆಗೆದರೇ ಎಂದು ವಿಚಾರಿಸಿದರು. ಫೋನೆತ್ತಿದ್ದ ದೊಡ್ಡಕ್ಕ, "ಇಲ್ಲಮ್ಮ, ಇನ್ನೂ ತೆಗೆದಿಲ್ಲ" ಎಂದರು. ಐವತ್ತು ದಾಟಿದ ನನ್ನನ್ನು ಹುಡುಗನೆಂದದ್ದು ಮಾತ್ರ ಪಟ್ಟಿಯ ಪ್ರಭಾವವೇ ಇರಬೇಕು.

ನಗು ಇಲ್ಲಿಗೆ ಸಾಕು. ವಾರ ಕಳೆಯುವುದರೊಳಗೆ ದೊಡ್ಡಕ್ಕನ ಪಾದದಲ್ಲಿ ಚಪ್ಪಲಿಯ ಪಟ್ಟಿ ಹೂತುಹೋಗಿ ಕೆಂಪು ಗೆರೆ ಬೀಳತೊಡಗಿತು. ಅವರು ಮನೆಯ ಯಜಮಾನರ ದೊಡ್ಡ ಚಪ್ಪಲಿ ಹಾಕಿಕೊಂಡು ಬರತೊಡಗಿದರು. ಕೊನೆಗೆ ಒಂದು ದಿನ ಅಪ್ಪಣೆ ಕೇಳಿ ಎದ್ದು, ಮೇಜುಗಳನ್ನು ಹಿಡಿದುಕೊಳ್ಳುತ್ತ ಸಾಹೇಬರ ಗಾಜಿನ ಕೋಣೆಗೆ ಹೋದರು. ಬಾಗಿಲು ತೆರೆದೇ ಇದ್ದುದರಿಂದ ನಮಗೆಲ್ಲ ಕೇಳಿಸಿತು.

"ಸಾರ್, ನಂಗೆ ನಡೀಲೇಬೇಕು ಅಂದಿದ್ದಾರೆ ಡಾಕ್ಟ್ರು."

"ಕಾಲಿಗೂ ವ್ಯಾಯಾಮ ಇದೆಯಲ್ಲ ದೊಡ್ಡಕ್ಕ. ಕರಪತ್ರದ ಕೊನೇ ಚಿತ್ರ ನೋಡಿ."

"ನೋಡ್ದೆ ಸಾರ್. ಚಿತ್ರದಲ್ಲಿರೋ ಹುಡುಗನ ಕಾಲು ಊದಿಲ್ಲ."

ಒಬ್ಬರಿಗೆ ವಿನಾಯಿತಿ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆಂದು ಸಾಹೇಬರು ನೊಂದುಕೊಂಡೇ ಹೇಳಿದರು. ದೊಡ್ಡಕ್ಕ ಹಿಂದಿರುಗಿ ಬಂದು ಕೂತು, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ನನಗೊಬ್ಬನಿಗೇ ಹೇಳಿದರು. ಬಿಟ್ಟು ಏನು ಮಾಡುತ್ತೀರಿ ಎಂದು ಕೇಳಿದೆ. "ನಡೀತೀನಿ" ಎಂದರು. ಅಷ್ಟರಲ್ಲಿ ಅವರ ಫೋನಿನ ದೀಪ ಮಿನುಗಿತು. ಅದೇ ಎಂದಿನ ಧ್ವನಿಯಲ್ಲಿ ಯಾರಿಗೋ ಗಾಬರಿಯಾಗಬೇಡಿ ಎಂದರು. ನಾನು ನನ್ನ ಹೆಡ್‌ಫೋನಿನ ತಂತಿಯನ್ನು ಸುಮ್ಮನೆ ಬಿಡಿಸುತ್ತ ಕೂತೆ.

ಅದಾದ ಕೆಲವೇ ದಿನಗಳಲ್ಲಿ ಕೇಂದ್ರ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿ ಬಂದರು. ಕಡಿಮೆ ಮಾತಿನ ಹೆಂಗಸು. ನಮ್ಮ ಕಚೇರಿಯ ಆರೋಗ್ಯಕ್ರಾಂತಿಯನ್ನು ಅವರಿಗೆ ಕಣ್ಣಾರೆ ತೋರಿಸಬೇಕೆಂದು ಸಾಹೇಬರು ಸಾಲಿನ ನಡುವೆ ಕುರ್ಚಿ ಹಾಕಿಸಿಕೊಂಡು, ಎರಡೂ ಪಾದ ಕುಣಿಕೆಗೆ ಕೊಟ್ಟು, ತಮ್ಮ ಕರಪತ್ರದ ತರುಣನಂತೆಯೇ ನಗುತ್ತ, ಹಿಡಿಕೆಗಳನ್ನು ಎದೆಯವರೆಗೆ ಎಳೆದರು. ಕುರ್ಚಿ ಹಿಂದಕ್ಕೆ ಹೊರಟಿತು. ತಡೆಯಲೆಂದು ಅವರು ಇನ್ನಷ್ಟು ಎಳೆದರು. ಅದು ಇನ್ನಷ್ಟು ಉತ್ಸಾಹದಿಂದ ಹೊರಟು, ಕೊನೆಯ ಖಾಲಿ ಮೇಜಿನ ಅಡಿಗೆ ಅರ್ಧ ನುಗ್ಗಿ, ಓರೆಯಾಗಿ ಸಿಕ್ಕಿಕೊಂಡಿತು. ಪಟ್ಟಿ ಚಕ್ರಕ್ಕೆ ಸುತ್ತಿಕೊಂಡು ಬಿಗಿಯಾಯಿತು. ಸಾಹೇಬರ ಮಂಡಿ ಗಲ್ಲಕ್ಕೆ ಬಂದಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ ಅಲ್ಲಿಂದಲೇ, "ಇದು... ಹೊಟ್ಟೆಯ ಸ್ನಾಯುಗಳಿಗೆ ಒಳ್ಳೇದು" ಎಂದರು.

ನಾವು ಯಾರೂ ಏಳಲಿಲ್ಲ. ಇದರಲ್ಲಿ ದ್ವೇಷವಿರಲಿಲ್ಲವೆಂದು ಆಣೆಯಿಟ್ಟು ಹೇಳಬಲ್ಲೆ, ಅಪ್ಪಣೆ ಇರಲಿಲ್ಲ ಅಷ್ಟೇ. ಸಾಹೇಬರು "ಯಾರಾದ್ರೂ ಬನ್ನಿ" ಎಂದಾಗ ದೊಡ್ಡಕ್ಕ ಕುರ್ಚಿಯನ್ನು ಅವರತ್ತ ತಿರುಗಿಸಿ, ಇಷ್ಟು ವರ್ಷ ಸಾವಿರಾರು ಜನರಿಗೆ ಧೈರ್ಯ ಕೊಟ್ಟ ಅದೇ ಧ್ವನಿಯಲ್ಲಿ ಮಾತಾಡಿದರು.

"ಗಾಬರಿಯಾಗಬೇಡಿ ಸಾರ್, ನಾವಿದ್ದೇವೆ. ಬಲವಂತವಾಗಿ ಬಿಡಿಸ್ಕೊಳ್ಳೋಕೆ ಹೋಗ್ಬೇಡಿ. ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ನೇ" ಎಂದರು ಸಾಹೇಬರು, ತಮಗರಿವಿಲ್ಲದೆಯೇ.

"ಉಸಿರಾಡೋಕೆ ತೊಂದ್ರೆ ಇದೆಯಾ?"

"ದೊಡ್ಡಕ್ಕ, ದಯವಿಟ್ಟು ಎದ್ದು ಬನ್ನಿ."

"ಏಳಬಹುದಾ ಸಾರ್?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. "ಏಳಿ" ಎಂದರು ಸಾಹೇಬರು. ಕತ್ತರಿ ಇದ್ದದ್ದು ಮೊಗಸಾಲೆಯ ಕೊನೆಯ ಕಪಾಟಿನಲ್ಲಿ. ದೊಡ್ಡಕ್ಕ ಯಜಮಾನರ ಚಪ್ಪಲಿ ಎಳೆಯುತ್ತ ಅಲ್ಲಿಯವರೆಗೆ ಹೋಗಿ, ಕತ್ತರಿ ತಂದು, ನೋವಾಗದಂತೆ ಸಾಹೇಬರ ಪಾದ ಹಿಡಿದುಕೊಂಡು ಪಟ್ಟಿಯನ್ನು ಕತ್ತರಿಸಿದರು. ಬಗ್ಗಿ ಕೂತಿದ್ದ ದೊಡ್ಡಕ್ಕನ ಪಾದಗಳು ಆಗ ಸಾಹೇಬರ ಕಣ್ಣೆದುರಿಗೇ ಇದ್ದವು. ಅವರು ನೋಡಿದರು. ಮೆಲ್ಲಗೆ, "ಇಷ್ಟಾಗಿದೆ ಅಂತ ಮುಂಚೆ ಹೇಳಬಾರದಿತ್ತಾ" ಎಂದರು. "ಹೇಳಿದ್ದೆ ಸಾರ್" ಎಂದರು ದೊಡ್ಡಕ್ಕ. ಹಿರಿಯ ಅಧಿಕಾರಿ ಇಬ್ಬರನ್ನೂ ನೋಡಿ, ಸಾಹೇಬರನ್ನು ಕರೆದುಕೊಂಡು ಗಾಜಿನ ಕೋಣೆಗೆ ಹೋದರು.

ಪಟ್ಟಿಯನ್ನು ಹಿಂದಕ್ಕೆ ಕಳಿಸಿದರೆ ಸಾಹೇಬರಿಗೆ ಅವಮಾನ, ಇಟ್ಟುಕೊಂಡರೆ ದೊಡ್ಡಕ್ಕನಿಗೆ ಸಂಕಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಹೊಸ ಸೂಚನೆ ಬಂತು: ಸುರಕ್ಷತೆಯ ದೃಷ್ಟಿಯಿಂದ ಎಲ್ಲ ಸಿಬ್ಬಂದಿಯೂ ಎರಡು ಗಂಟೆಗೊಮ್ಮೆ ತಮ್ಮ ತಮ್ಮ ಪಟ್ಟಿಯನ್ನು ಮೊಗಸಾಲೆಯ ಕೊನೆಯ ಕಿಟಕಿಗೆ ಒಯ್ದು, ಬಿರುಕು ಬಿಟ್ಟಿದೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸತಕ್ಕದ್ದು, ಇದಕ್ಕೆ ಹತ್ತು ನಿಮಿಷ ಕಾಲಾವಕಾಶ ಕೊಡಲಾಗಿದೆ. ಹಾಗಾಗಿ ಈಗ ನಾವೆಲ್ಲ ತಮ್ಮ ಪಟ್ಟಿಯನ್ನು ಹೆಗಲ ಮೇಲೆ ಶಲ್ಯದಂತೆ ಹೊದ್ದು ಹೋಗಿಬರುತ್ತೇವೆ. ದೊಡ್ಡಕ್ಕ ಕೆಲಸ ಬಿಟ್ಟಿಲ್ಲ. ಮತ್ತೆ ಸ್ವಂತ ಚಪ್ಪಲಿಯನ್ನೇ ಹಾಕಿಕೊಂಡು ಬರುತ್ತಿದ್ದಾರೆ. ಅವರಷ್ಟು ಶ್ರದ್ಧೆಯಿಂದ ಪಟ್ಟಿ ಪರೀಕ್ಷಿಸುವವರು ಇನ್ನೊಬ್ಬರಿಲ್ಲ. ಕೆಲವೊಮ್ಮೆ ಸಾಹೇಬರೂ ಜೊತೆಗೆ ಹೋಗುತ್ತಾರೆ, ಅವರ ಪಟ್ಟಿ ತುಂಡಾಗಿದ್ದರೂ.

ಇನ್ನು ನನ್ನ ಅಹವಾಲು. ಈ ವ್ಯವಸ್ಥೆ ಸದ್ಯಕ್ಕೆ ತಾತ್ಕಾಲಿಕ. ಇಂಥದೊಂದು ತಪಾಸಣೆಯನ್ನು ತಯಾರಕರೇ ಹೇಳಿದ್ದಾರೆಯೇ ಎಂದು ಕೇಂದ್ರ ಕಚೇರಿಯ ಲೆಕ್ಕಪತ್ರ ವಿಭಾಗ ಕೇಳಿದೆ. ತಮ್ಮ ಕರಪತ್ರದಲ್ಲಿ ಹಾಗೇನೂ ಇಲ್ಲ. ಆದ್ದರಿಂದ ಕರುಣಾಳುಗಳಾದ ತಾವು ಮುಂದಿನ ಮುದ್ರಣದಲ್ಲಿ ಈ ಕೆಳಗಿನಂತೆ ಸೇರಿಸಿ ಕೃಪೆ ಮಾಡಬೇಕು: ಈ ಪಟ್ಟಿಯು ಒಂದೇ ಕಡೆ ಬಹಳ ಹೊತ್ತು ಇದ್ದರೆ ಹದಗೆಡುತ್ತದೆ, ಇದನ್ನು ಆಗಾಗ ಕಾಲ್ನಡಿಗೆಯಲ್ಲೇ ಗಾಳಿಬೆಳಕಿಗೆ ಒಯ್ಯಬೇಕು, ಅವಸರದಲ್ಲಿ ಒಯ್ಯಬಾರದು, ದಾರಿಯಲ್ಲಿ ಸಹೋದ್ಯೋಗಿ ಸಿಕ್ಕರೆ ನಾಲ್ಕು ಮಾತಾಡುವವರೆಗೆ ಪಟ್ಟಿಗೆ ವಿಶ್ರಾಂತಿ ಕೊಡಬೇಕು, ಬಳಸುವವರ ಕಾಲು ಊದಿದ್ದರೆ ಇನ್ನೂ ಸ್ವಲ್ಪ ದೂರ ಒಯ್ಯಬೇಕು, ಪಾರಿವಾಳಗಳನ್ನು ಕಂಡರೆ ರಬ್ಬರಿನ ಬಾಳಿಕೆ ಹೆಚ್ಚುತ್ತದೆ. ಇಷ್ಟು ಬರೆದರೆ ತಮ್ಮ ಪಟ್ಟಿಗಿಂತ ಉತ್ತಮವಾದ ವ್ಯಾಯಾಮ ಸಾಧನ ಭೂಮಿಯ ಮೇಲಿಲ್ಲವೆಂದು ನಮ್ಮ ಸಾಲಿನವರೆಲ್ಲ ಸಹಿ ಹಾಕಿ ಕೊಡಲು ಸಿದ್ಧ. ಪಿಸುಮಾತಂತೂ ಗಟ್ಟಿಯಾಗಿ ಕೂಗಿ ಹೇಳಲೂ ಸಿದ್ಧ.

ತಮ್ಮ ಉತ್ತರವನ್ನು ಕಾಯುತ್ತ, ಎಳೆದಷ್ಟೂ ಹಿಗ್ಗುವ ತಾಳ್ಮೆಯುಳ್ಳ,

ತಮ್ಮ ವಿಶ್ವಾಸಿ,
ಸಹಾಯವಾಣಿಯ ಒಬ್ಬ ನೌಕರ

ವಿ.ಸೂ.: ಈ ಪತ್ರವನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಕೇಳಲು ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದ್ದೆ. ಮಾತಾಡಿದ ಹುಡುಗಿ ಬಹಳ ಸೌಜನ್ಯದಿಂದ ವಿಳಾಸ ಹೇಳಿದಳು. ಧ್ವನಿ ಸೋತಂತಿದೆಯಲ್ಲಮ್ಮ ಎಂದೆ. ನಿಂತು ಕೆಲಸ ಮಾಡಿದರೆ ಆರೋಗ್ಯಕ್ಕೆ ಒಳ್ಳೆಯದೆಂದು ತಮ್ಮ ಕಚೇರಿಯಲ್ಲಿ ಕುರ್ಚಿಗಳನ್ನೆಲ್ಲ ತೆಗೆಸಿಬಿಟ್ಟಿದ್ದಾರಂತೆ. ಮಾನ್ಯರೇ, ನಮ್ಮ ಕಾಲುಗಳ ವಿಷಯ ಆಮೇಲೆ ನೋಡೋಣ. ಮೊದಲು ಆ ಮಗುವಿಗೆ ಕೂರಲು ಏನಾದರೂ ಕೊಡಿ.