ಕರಡಿಗುಡ್ಡನ ಕೇಬಲ್ ದಿಗ್ವಿಜಯ

ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ ಚೂರುಚೂರಿಗೂ ಲೆಕ್ಕ ಕೇಳುವ, ಆದರೆ ಹತ್ತರ ಮೀಟಿಂಗಿಗೆ ಹನ್ನೊಂದಕ್ಕೆ ಬರುವ ಈ ಮಹಾಯುಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ತಿರುಗುಕುರ್ಚಿಯೇ ರಥವಾಗಿ, ಕೀಬೋರ್ಡೇ ಬಿಲ್ಲಾಗಿ, ಚಹಾಪಾನಪ್ರಚಂಡನೂ ಸ್ವಪ್ರಶಂಸಾವಿಶಾರದನೂ ಆದ ಮಡಿವಾಳೇಶ ಕರಡಿಗುಡ್ಡನೆಂಬ ವೀರನು ವಿರಾಜಮಾನನಾಗಿದ್ದನು. ಕೂತು ಕೂತು ಸೊಂಟ ಹಿಡಿಸಿಕೊಂಡ ಮಹಾಜನಗಳೇ, ಅವನ ಕಥೆ ಕೇಳಿ.

ಅವನ ಕಂಪನಿ ಒಂದು ನೆಟ್‌ವರ್ಕ್ ಕಾರ್ಡ್ ತಯಾರಿಸಿತ್ತು. ಅಂಚೆಯವರು ಕಾಗದಕ್ಕೆ ಒತ್ತುವ ಹಾಗೆ, ಹೊರಡುವ ಮಾಹಿತಿಯ ಪ್ಯಾಕೆಟ್ಟಿಗೆ ಹೊರಟ ಗಳಿಗೆಯ ಮುದ್ರೆಯನ್ನು ಆ ಕಾರ್ಡೇ ಒತ್ತುತ್ತಿತ್ತು. ಮುದ್ರೆಯನ್ನು ಕಾರ್ಡಿನಿಂದ ಎತ್ತಿ ಆಯಾ ಪ್ಯಾಕೆಟ್ಟಿನ ಹೆಸರಿಗೆ ಹಚ್ಚುವ ಡ್ರೈವರ್ ಕೋಡನ್ನು ಬರೆದವನು ಕರಡಿಗುಡ್ಡ. ಅದು ಇವತ್ತು ಸಂಜೆ ಆರರೊಳಗೆ ಕಂಪ್ಯೂಟರಿನ ತಿರುಳು ತಂತ್ರಾಂಶವಾದ ಕರ್ನಲ್ಲನ್ನು ಕಾಯುವ ಪಾಲಕರಿಗೆ ಮೇಲ್‌ನಲ್ಲಿ ಹೋಗಬೇಕಿತ್ತು. ಹೊಸ ಕೋಡಿಗೆ ಅವರ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಎರಡು ತಿಂಗಳಿಗೆ; ಅಷ್ಟರಲ್ಲಿ ಅವನ ಪ್ರೊಬೇಷನ್ ಮುಗಿದಿರುತ್ತದೆ, ಬಹುಶಃ ಕೆಲಸವೂ. ಆದರೆ ಸೀನಿಯರ್ ನಸ್ರೀನ್ ಬಾಗವಾನ ಓದಿ ಒಪ್ಪಿಗೆಯ ಸಾಲು ಬರೆಯದೆ ಆ ಕಚೇರಿಯಿಂದ ಒಂದಕ್ಷರವೂ ಹೊರಡುವಂತಿರಲಿಲ್ಲ.

ದೋಷಾನ್ವೇಷಣಧುರಂಧರೆಯೂ ನವಾಗತಗರ್ವಭಂಜನಿಯೂ ಆದ ನಸ್ರೀನ್, ಚಹಾದ ಲೋಟ ಹಿಡಿದು ರಣಾಂಗಣಕ್ಕೆ ಬಂದಳು.

"ಏನಪಾ ಕರಡಿಗುಡ್ಡ, ಒಂದು ಮುದ್ರೆ ಬರೂತನಕ ಇನ್ನೊಂದು ಕೇಳಬಾರದು ಅಂತ ಕೋಡಿನಾಗ ಒಂದು ಬಾವುಟ ಏರಿಸೀದಿ. ಛಲೋ. ಆ ಮುದ್ರೆ ಬರಲೇ ಇಲ್ಲಂದ್ರ ಬಾವುಟ ಇಳಸವರು ಯಾರು?"

ಆಗ ಆ ವೀರನು ಕುರ್ಚಿಯಿಂದೆದ್ದು, ಎಲೌ ದೋಷದರ್ಶಿನಿ, ಲಕ್ಷೋಪಲಕ್ಷ ಪ್ಯಾಕೆಟ್ಟುಗಳನ್ನು ಹರಿಯಬಿಟ್ಟವನು ನಾನು, ಮುದ್ರಾಹೀನವಾಗಿ ಹೋದದ್ದು ಒಂದನ್ನಾದರೂ ತೋರು, ಸೂರ್ಯನು ಪಥ ಬಿಟ್ಟಾನು, ನನ್ನ ಬಾವುಟವು ಧರ್ಮ ಬಿಡದು, ಎಂಬ ಭಾವದಿಂದ ಗರ್ಜಿಸಿದನು. ಬಾಯಿಂದ ಬಂದದ್ದು ಮಾತ್ರ ಇಷ್ಟು:

"ಬರ್ತದ ಬಿಡ್ರಿ ಅಕ್ಕಾರ. ಯಾವಾಗ್ಲೂ ಬಂದದ."

ನಸ್ರೀನ್ ಲೋಟವನ್ನು ಎಡಗೈಗೆ ಬದಲಿಸಿ, ಮೇಜಿನಡಿ ಬಗ್ಗಿ, ಆ ಕಾರ್ಡು ಕೂಡಿಸಿದ್ದ ಅವನ ಯಂತ್ರವನ್ನು ಜಗತ್ತಿಗೆ ಕಟ್ಟಿದ್ದ ಏಕೈಕ ನೀಲಿ ಕೇಬಲನ್ನು ಕಿತ್ತಳು. ಹೊರಡಲು ನಿಂತಿದ್ದ ಪ್ಯಾಕೆಟ್ಟು ಅಲ್ಲೇ ಸತ್ತಿತು. ಮುದ್ರೆ ಬರಲಿಲ್ಲ. ಬಾವುಟ ಇಳಿಯಲಿಲ್ಲ. ಕೇಬಲನ್ನು ಮತ್ತೆ ಚುಚ್ಚಿದಳು. ಪ್ಯಾಕೆಟ್ಟುಗಳು ದಂಡುದಂಡಾಗಿ ಹೊರಟವು. ಏರಿದ್ದ ಬಾವುಟ ನೋಡಿದ ಡ್ರೈವರ್ ಒಂದಕ್ಕೂ ಮುದ್ರೆ ಕೇಳಲಿಲ್ಲ. ಮುದ್ರೆ ಇರಬೇಕಾದಲ್ಲಿ ಪರದೆಯ ತುಂಬ ಸೊನ್ನೆಗಳು.

"ಓಡೋ ಮಶೀನಿನ ಕೇಬಲ್ ಯಾರ್ರೀ ಕೀಳ್ತಾರ?" ಎಂದ ಕರಡಿಗುಡ್ಡ.

"ಎಲ್ಲಾರೂ. ಕಸಾ ಹೊಡಿಯೋರು, ಇಲಿ, ನಮ್ಮ ಮ್ಯಾನೇಜರ್. ಕಿತ್ತು ಮರತ ಬಿಡ್ತಾರ. ಅಂಥವ್ರ ಸಂಬಂಧನ ಡ್ರೈವರ್ ಬರಿಯೂದು."

ಘೋರ ಸಂಗ್ರಾಮ ನಡೆಯಿತು. ಅವನು ಮೊದಲು ಕಾರ್ಡನ್ನು ದೂಷಿಸಿದ, ಆಮೇಲೆ ಅದರ ಕೈಪಿಡಿಯನ್ನು, ಕಡೆಗೆ ಹೆಸ್ಕಾಂ ಕರೆಂಟನ್ನು. ನಸ್ರೀನ್ ಪ್ರತಿ ಅಸ್ತ್ರಕ್ಕೂ ಒಂದು ಗುಟುಕು ಚಹಾ ಕುಡಿದಳು. ಚಹಾ ಮುಗಿಯಿತು, ಅವನ ವಾದವೂ ಮುಗಿಯಿತು. ಹಲ್ಲು ಕಚ್ಚಿ ಕುಳಿತು, ಇಷ್ಟು ಹೊತ್ತಿನೊಳಗೆ ಮುದ್ರೆ ಬಾರದಿದ್ದರೆ ಬಾವುಟ ಇಳಿಸು ಎಂಬ ನಾಲ್ಕು ಸಾಲು ಬರೆದ. ಕೇಬಲ್ ಕಿತ್ತರು, ಕಾದರು, ಬಾವುಟ ತಾನಾಗಿ ಇಳಿಯಿತು. ಚುಚ್ಚಿದರು; ಮುದ್ರೆಗಳ ಮಳೆ.

"ಕೋಡಿನ ಮ್ಯಾಲಿನ ವೇರಿಯೇಬಲ್ ಸಾಲು ಉದ್ದಂದು ಮೊದಲು, ಗಿಡ್ಡಂದು ಆಮ್ಯಾಲೆ ಮಾಡು," ಎಂದಳು ನಸ್ರೀನ್. "ಈ ನೆಟ್‌ವರ್ಕ್ ಪಾಲಕ ಮಂದಿಗೆ ಹಂಗ ಇದ್ರನ ನಿದ್ದಿ ಬರ್ತದ." ಆಮೇಲೆ ಒಪ್ಪಿಗೆಯ ಸಾಲು ಬರೆದು ಲೋಟ ತೊಳೆಯಲು ಹೋದಳು.

ವಿಜಯೋನ್ಮತ್ತನಾದ ಕರಡಿಗುಡ್ಡನು ಪಕ್ಕದ ಮೇಜಿನವರನ್ನು ಕರೆದು, ನೋಡ್ರಿ ಹೆಂಗ ಇಳೀತದ ಎಂದು ಕೇಬಲನ್ನು ಮತ್ತೊಮ್ಮೆ ಕಿತ್ತನು. ಬಾವುಟ ಇಳಿಯಿತು. ಅವರು ಹ್ಞೂಂ ಎಂದು ಹೋದರು. ಜಯಮಾಲೆಯನ್ನು ತಾನೇ ಧರಿಸಿ, ರಥವೇರಿ, ಬೆರಳೆತ್ತಿ, ಕಳುಹಿಸು ಎಂಬ ಬಟನ್ ಒತ್ತಿದನು.

ಮೇಲ್ ಹೋಗಲಿಲ್ಲ.

ಮತ್ತೆ ಒತ್ತಿದ. ಹೋಗಲಿಲ್ಲ. ಆರಾಗುತ್ತ ಬಂದಿತ್ತು. ಸರ್ವರನ್ನು ಶಪಿಸಿದ, ಸಪ್ತಸಾಗರಗಳಡಿ ಮಲಗಿದ ತಂತಿಗಳನ್ನು ಶಪಿಸಿದ, ತನ್ನ ಏಳಿಗೆ ಸಹಿಸದ ಕರ್ನಲ್ ಪಾಲಕರ ಕುಲವನ್ನೇ ಶಪಿಸಿದ. ಮನಸ್ಸಿನಲ್ಲಿ ಆಗಲೇ ಡ್ರಾಯರ್ ಖಾಲಿ ಮಾಡಿ ನೀರಿನ ಬಾಟಲಿ ಚೀಲಕ್ಕೆ ತುರುಕಿ ಆಗಿತ್ತು.

"ಅಕ್ಕಾರ," ಎಂದ. ದನಿ ಸಣ್ಣದಾಗಿತ್ತು. "ಸರ್ವರ್ ಸತ್ತದ್ರಿ. ನನ್ನ ನೌಕರೀನೂ ಹೋತು."

ನಸ್ರೀನ್ ಒದ್ದೆ ಲೋಟ ಹಿಡಿದೇ ಬಂದು ಪರದೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಕೊಳ್ಳಾಗಿಂದು ತಗಿ ಮದಲ."

ವೀರನು ಕತ್ತು ಮುಟ್ಟಿ ನೋಡಿಕೊಂಡನು. ನೀಲಿ ಕೇಬಲ್ ಎರಡು ಸುತ್ತು ಹೂಮಾಲೆಯಂತೆ ನೇತಾಡುತ್ತಿತ್ತು. ಅದನ್ನು ಬಿಚ್ಚಿ, ಮಂಡಿಯೂರಿ, ಮೇಜಿನಡಿಯ ದೂಳಿನಲ್ಲಿ ತೂರಿ, ಚುಚ್ಚಿದನು. ಟಕ್ ಎಂದಿತು. ಮೇಲ್ ಹೋಯಿತು. ಆರಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು.

"ಓಡೋ ಮಶೀನಿನ ಕೇಬಲ್ ಯಾರು ಕೀಳ್ತಾರ ಅಂದಿದ್ದಿಯಲ್ಲ," ಎಂದಳು ನಸ್ರೀನ್.

ಮೇಜಿನಡಿಯಿಂದ ಉತ್ತರ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಅಷ್ಟು ಹೊತ್ತಿನೊಳಗೆ ಬಾರದ್ದರಿಂದ, ಬಾವುಟ ಇಳಿಸಿದ ಹಾಗೆ, ಚೀಲ ಹೆಗಲಿಗೇರಿಸಿ ಮನೆಗೆ ಹೋದಳು.