ಮಾವನ ಹೊಟ್ಟೆಯ ಕ್ಯಾಸೆಟ್ಟು

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಮ್ಮ ಮಾವನ ಹೊಟ್ಟೆಯೊಳಗೆ ಎಡವಟ್ಟಾಯಿತು. ಇದೇನು ಮನೆಯೊಳಗಿನ ಗುಟ್ಟಲ್ಲ. ನಂಜನಗೂಡಿನ ಅರ್ಧ ಊರು ಅದನ್ನು ಟೀವಿಯಲ್ಲಿ ನೋಡಿದೆ! ಕಾಫಿ ಕುಡಿಯುತ್ತಾ, ಖಾರಾಬೂಂದಿ ಮೆಲ್ಲುತ್ತಾ ನೋಡಿದೆ. ತನ್ನ ಪಿತ್ತಕೋಶವನ್ನು ನೆಂಟರಿಷ್ಟರಿಗೆಲ್ಲ ಕೂರಿಸಿ ತೋರಿಸಿದ ಇನ್ನೊಬ್ಬ ಮನುಷ್ಯ ಎಲ್ಲಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ನಂಜನಗೂಡಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಲೋಕದ ಯಾವ ವಿಷಯವೂ ಚಕ್ರ, ಟ್ಯೂಬು, ಪಂಪುಗಳ ಭಾಷೆಗೆ ತಿರುಗದೆ ಅವರ ತಲೆಗೆ ಇಳಿಯುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡೊಬ್ಬನ ಎದುರಲ್ಲೇ, "ಉಡ್ಗ ಪರವಾಗಿಲ್ಲ, ರಿಮ್ಮು ಒಸಿ ಸೊಟ್ಟ" ಎಂದು ಸಂಬಂಧ ಮುರಿದ ಪುಣ್ಯಾತ್ಮರು ಅವರು!

ತೊಂಬತ್ತರ ದಶಕದ ನಡುವೆ ಅವರ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಆಗೆಲ್ಲ ಅದಕ್ಕೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದರು. ಮೈಸೂರಿನ ನರ್ಸಿಂಗ್ ಹೋಮೊಂದಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರು ಮಾತ್ರ, ನಾಲ್ಕು ಸಣ್ಣ ತೂತು ಸಾಕು, ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಒಂದು ತೂತಿನಿಂದ ಕ್ಯಾಮೆರಾ ಇಳಿಸಿ, ಟೀವಿಯಲ್ಲಿ ನೋಡಿಕೊಂಡೇ ಕೆಲಸ ಮುಗಿಸುತ್ತೇನೆ ಎಂದರು.

ಮಾವನ ಮುಖ ಅರಳಿತು. "ಅಲ್ಲಾ ಸಾ, ನಾವು ಗಾಳಿ ತುಂಬಿ ತೂತು ಉಡುಕ್ತೀವಿ. ನೀವು ತೂತು ಮಾಡಿ ಗಾಳಿ ತುಂಬ್ತೀರಾ?"

ಡಾಕ್ಟರಿಗೂ ಹುರುಪು ಬಂತು. ಈ ವಿದ್ಯೆಯ ಪೂರ್ವೋತ್ತರವನ್ನೆಲ್ಲ ಹೇಳಿದರು. ಮೊದಲು ಜರ್ಮನಿಯಲ್ಲಿ ಒಬ್ಬರು ನಾಯಿಯ ಹೊಟ್ಟೆಗೆ ಗಾಳಿ ತುಂಬಿ, ಕೊಳವೆ ಇಳಿಸಿ ಇಣುಕಿದರಂತೆ. ಆಮೇಲೆ ಬಹಳ ವರ್ಷ ಡಾಕ್ಟರುಗಳು ಒಂದೇ ಕಣ್ಣಲ್ಲಿ ಇಣುಕುತ್ತಿದ್ದರಂತೆ. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣದು. ಪುಟ್ಟ ಕ್ಯಾಮೆರಾ ಬಂದ ಮೇಲೆ ಎಲ್ಲರಿಗೂ ಕಾಣುವಂತಾಯಿತಂತೆ. ಹೀಗೂ ಪಿತ್ತಕೋಶ ತೆಗೆಯಬಹುದು ಎಂದವರನ್ನು ಮೊದಮೊದಲು ದೊಡ್ಡ ಡಾಕ್ಟರುಗಳೇ ಗೇಲಿ ಮಾಡಿದರಂತೆ.

ಮಾವ ಎಲ್ಲವನ್ನೂ ಕೇಳಿ, "ನಾಯಿ ಏನಾಯ್ತು ಸಾ?" ಎಂದರು.

"ಯಾವ ನಾಯಿ?"

"ಅದೇ, ಗಾಳಿ ಒಡಿಸ್ಕಂಡಿದ್ದು."

ಡಾಕ್ಟರು ತಡವರಿಸಿದರು. "ಅದು... ನಾನು ಓದಿಲ್ಲ."

"ನಾಯಿ ವಿಚಾರ ಇತ್ಯರ್ಥ ಆಗ್ದೇನೆ ಮನುಸ್ರ ಒಟ್ಟೆಗೆ ಬಂದ್ಬುಟ್ರಾ!"

ಕೊನೆಗೆ ತೀರ್ಪು ಕೊಟ್ಟವರು ಅತ್ತೆ. "ಗೇಣುದ್ದ ಕುಯ್ಸ್ಕಂಡು ನೀವು ಮಲಗಿದ್ರೆ ಪಂಚರ್ ನಾನ್ ಆಕ್ಲಾ? ಸುಮ್ನೆ ತೂತು ಮಾಡ್ಸ್ಕಳಿ."

ಮನೆಯವರಲ್ಲಿ ಒಬ್ಬರು ಪಕ್ಕದ ಕೋಣೆಯ ಟೀವಿಯಲ್ಲಿ ಆಪರೇಷನ್ ನೋಡಬಹುದು ಎಂದು ಡಾಕ್ಟರು ಹೇಳಿದಾಗ ಎಲ್ಲರ ಬೆರಳೂ ನನ್ನ ಕಡೆ ತಿರುಗಿದವು. ನಾನು ಬಿ.ಎಸ್ಸಿ.! ಸಸ್ಯಶಾಸ್ತ್ರ ಎಂದು ಗೋಗರೆದರೂ ಯಾರು ಕೇಳುತ್ತಾರೆ?

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಚೆಂಡುಹೂವಿನ ರಾಶಿಯಂಥ ಹಳದಿ ಕೊಬ್ಬು, ನಡುವೆ ಎಳೆ ಬದನೆಕಾಯಿಯಂತೆ ಮಿರುಗುವ ಪಿತ್ತಕೋಶ. ಮಾವ ಎಷ್ಟು ಚೆನ್ನಾಗಿದ್ದಾರೆ ಅನ್ನಿಸಿತು. ಹೊರಗಿನಿಂದ ನೋಡಿದಾಗ ಯಾವತ್ತೂ ಹಾಗನ್ನಿಸಿರಲಿಲ್ಲ!

ಆಮೇಲೆ ಪರದೆ ಕೆಂಪಾಯಿತು. ಒಂದು ಮೂಲೆಯಲ್ಲಿ ಚಿಮ್ಮಿದ್ದು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಪೂರ್ತಿ ಕೆಂಪು. ನಾನು ಯಾಕೋ ಗೋಡೆಯ ಗಡಿಯಾರ ನೋಡಿದೆ. ನರ್ಸಮ್ಮ ಓಡಿಬಂದು ಟೀವಿ ಆರಿಸಿ, "ಹೊರಗೆ ಕೂತ್ಕಳಮ್ಮ" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ. "ಯಾಕವ್ವ ಎದ್ದು ಬಂದೆ?"

"ಟೀವಿ ಆಫ್ ಆಯ್ತು ಅತ್ತೆ."

"ಕರೆಂಟ್ ಓಯ್ತಾ?"

ಇಬ್ಬರೂ ತಲೆಯೆತ್ತಿ ನೋಡಿದೆವು. ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಅತ್ತೆ ನನ್ನ ಮೊಣಕೈ ಹಿಡಿದರು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಬಂದು, ಸಣ್ಣ ರಕ್ತನಾಳವೊಂದು ಕೈಕೊಟ್ಟಿತ್ತು, ನಿಲ್ಲಿಸಿದೆವು, ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ ಎಂದರು. ಶೀಶೆಯಲ್ಲಿ ಕಲ್ಲುಗಳನ್ನೂ, ಆಪರೇಷನ್ನನ್ನು ಪೂರ್ತಿ ತುಂಬಿಸಿದ್ದ ವಿಡಿಯೊ ಕ್ಯಾಸೆಟ್ಟನ್ನೂ ಕೈಗಿತ್ತರು.

ನಂಜನಗೂಡಿಗೆ ಬಂದ ಮೇಲೆ ಮಾವನಿಗೆ ಬೇರೆಯೇ ಸಂಕಟ. ಬ್ರೆಡ್ಡು, ಮೋಸಂಬಿ ಹಿಡಿದು ಬಂದವರು ಗಾಯ ತೋರಿಸು ಅನ್ನುತ್ತಾರೆ. ತೋರಿಸಲು ಇರುವುದೋ ನಾಲ್ಕು ಚೂರು ಪ್ಲಾಸ್ಟರು. ಪಕ್ಕದ ಹೋಟೆಲ್ ಯಜಮಾನರು ತಮ್ಮ ಅಂಗಿ ಎತ್ತಿ, ಹಳೆಯ ಕಾಲದ ಕೊಯ್ತದ ಗುರುತನ್ನು ಪದಕದಂತೆ ಪ್ರದರ್ಶಿಸಿ, "ಆಪ್ರೇಸನ್ ಅಂದ್ರೆ ಇದು ಕಣಯ್ಯ. ನಿಂಗೆ ಅವ್ರು ಏನೂ ಮಾಡಿಲ್ಲ, ಇಂಜೆಕ್ಸನ್ ಚುಚ್ಚಿ ಕಳಿಸವ್ರೆ" ಎಂದುಬಿಟ್ಟರು. ಸತ್ತು ಬದುಕಿ ಬಂದವನಿಗೆ ಇಂಥ ಅವಮಾನವೇ?

ಮಾವ ಮಾರನೆಯ ದಿನವೇ ವಿಡಿಯೊ ಅಂಗಡಿಯಿಂದ ಕ್ಯಾಸೆಟ್ಟು ಓಡಿಸುವ ವಿ.ಸಿ.ಪಿ. ಬಾಡಿಗೆಗೆ ತಂದರು. ಅಲ್ಲಿಂದ ಶುರು! ಚಾಪೆ ಹಾಸಿ ಪ್ರದರ್ಶನ, ಮಾವನದೇ ವಿವರಣೆ. "ಅದು ಲಿವರ್ರು. ಇದು ಕೊಬ್ಬು, ನಿಮ್ಮ ಅತ್ತಿಗೆ ಅಡುಗೇದು. ತಡೀರಿ, ಈಗ ಫೈಟಿಂಗ್ ಬತ್ತದೆ... ಆ, ಇಲ್ಲೇ ನಮ್ಮುಡ್ಗಿ ಎದುರ್ಕಂಡಿದ್ದು!" ಜನ ಬಿದ್ದು ಬಿದ್ದು ನಗುತ್ತಿದ್ದರು. ಆರೈಕೆಗೆಂದು ಅಲ್ಲೇ ಉಳಿದಿದ್ದ ನಾನು ಆ ಕ್ಷಣ ಬರುವ ಮೊದಲೇ ಅಡುಗೆಮನೆ ಸೇರಿರುತ್ತಿದ್ದೆ.

ತಿ. ನರಸೀಪುರದ ನಮ್ಮ ಮನೆಗೆ ಮರಳಿದರೂ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೆಂಪು. ನಾನು ಟೀಚರಾಗಿದ್ದ ಶಾಲೆಯಲ್ಲಿ ದಾಸವಾಳದ ಪಾಠ ಮಾಡುವಾಗಲೂ ಹೂವನ್ನು ಮಕ್ಕಳ ಕೈಗೆ ಕೊಟ್ಟು ಕಿಟಕಿಯಾಚೆ ನೋಡುತ್ತಿದ್ದೆ. ಅಮ್ಮ ನಂಜುಂಡೇಶ್ವರನ ವಿಭೂತಿ ಹಚ್ಚಿ ಸೋತು, ಮಾವನಿಗೆ ಹೇಳಿ ಕಳಿಸಿದರು.

ಒಂದು ಭಾನುವಾರ ಮಧ್ಯಾಹ್ನ ಮಾವ ದುಪ್ಪಟಿಯಲ್ಲಿ ಸುತ್ತಿದ ವಿ.ಸಿ.ಪಿ.ಯನ್ನು ಮಗುವಿನಂತೆ ಎತ್ತಿಕೊಂಡು ಬಸ್ಸಿಳಿದರು. ನನಗೆ ಸಿಟ್ಟೇ ಬಂತು.

"ಬೇಡ ಮಾವ. ನಾನು ನೋಡಿದ್ದೀನಿ."

"ಅರ್ಧ ನೋಡಿದ್ದೀಯ. ಕುತ್ಕ ಮಗಾ."

"ನಿಮಗೆಲ್ಲಾ ತಮಾಷೆ."

ಮಾವ ನಗಲಿಲ್ಲ. "ನಾನೂ ಅದನ್ನ ಒಂದ್ಸಲಾನೂ ನೋಡಿಲ್ಲ ಕಣವ್ವ. ಅದು ಬಂದಾಗ ಜನದ ಮೊಕ ನೋಡ್ತಿದ್ದೆ. ರಾತ್ರೆ ಎದ್ದೆದ್ದು ಒಟ್ಟೆ ಮುಟ್ಟಿ ನೋಡ್ಕತೀನಿ. ಒಬ್ನೇ ನೋಡಕ್ಕೆ ದೈರ್ಯ ಇಲ್ಲ, ಅದಕ್ಕೇ ಬಂದೆ."

ಗ್ರೀಸು ಹೋಗದ ಆ ಒರಟು ಕೈ ನನ್ನ ಕೈ ಹಿಡಿಯಿತು. ಇನ್ನೊಂದು ಕೈ ಕ್ಯಾಸೆಟ್ಟನ್ನು ಒಳಕ್ಕೆ ತಳ್ಳಿತು. ಪರದೆ ಕೆಂಪಾಯಿತು, ಇಬ್ಬರೂ ಉಸಿರು ಬಿಗಿಹಿಡಿದೆವು. ನೀರು ಹರಿದು ಕೆಂಪು ತೆಳುವಾಯಿತು, ಇಕ್ಕಳದಂಥದ್ದೊಂದು ಬಂತು, ಪುಟ್ಟ ಕ್ಲಿಪ್ಪೊಂದು ಕಚ್ಚಿ ಕೂತಿತು. ಹಳದಿ ಮತ್ತೆ ಹಳದಿಯಾಯಿತು.

"ಇಷ್ಟೇನಾ?" ಎಂದರು ಮಾವ, ತೀರ ಸಣ್ಣ ದನಿಯಲ್ಲಿ. ಆಮೇಲೆ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.

ಅವತ್ತು ಮಾವ ನಮ್ಮಲ್ಲೇ ಉಳಿದರು. ಸೋಮವಾರ ನಾನು ಶಾಲೆಗೆ ಹೋಗಲಿಲ್ಲ, ಅವರು ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಹಾಲಿನವನು ಬೆಲ್ಲು ಬಾರಿಸುತ್ತಾ ಬಂದಾಗ ಅಮ್ಮ ಬರಿಗಾಲಲ್ಲಿ ಬೀದಿಗೇ ಓಡಿದರಂತೆ.

"ಸದ್ದು ಮಾಡ್ಬ್ಯಾಡ ಕಣಪ್ಪ, ಇಬ್ರೂ ಮಲಗವ್ರೆ."